ಪಾಳು ಜಾಗದ ವಿದ್ಯಾಪೀಠ

ಜರ್ಮನಿ ಸೋತು ಒಂದು ವರ್ಷ ಕಳೆದಿತ್ತು. ಜೋಳಕ್ಕೆ ಇನ್ನೂ ರೇಷನ್ ಚೀಟಿ, ಸೀಮೆಎಣ್ಣೆಗೆ ಚೀಟಿ, ಸೀರೆಗೂ ಚೀಟಿ. ಚೀಟಿಯಿಲ್ಲದೆ ಹೊಟ್ಟೆ ತುಂಬ ಸಿಗುತ್ತಿದ್ದುದು ಯೋಜನೆ ಒಂದೇ. ರಸ್ತೆಗೆ ಯೋಜನೆ, ಹಂದಿಗೆ ಯೋಜನೆ, ಹೆಂಗಸರ ಹೆರಿಗೆಗೆ ಯೋಜನೆ. ಇಷ್ಟೆಲ್ಲ ಇರುವಾಗ ನಮಗೊಂದು ವಿದ್ಯಾಪೀಠದ ಯೋಜನೆ ಬೇಡವೇ ಎಂದು ಗೋಕಾಕ, ಹುಕ್ಕೇರಿ, ಮೂಡಲಗಿಯ ಹನ್ನೊಂದು ಜನ ದೊಡ್ಡವರು ಒಂದು ಸಮಿತಿ ಕಟ್ಟಿಕೊಂಡರು. ಇಪ್ಪತ್ತೈದು ವರ್ಷದ ಮೇಲೆ, ಅಂದರೆ ಸಾವಿರದ ಒಂಬೈನೂರಾ ಎಪ್ಪತ್ತೊಂದರಲ್ಲಿ, ಎಷ್ಟು ಹುಡುಗರು ಕಲಿಯುತ್ತಾರೆ, ಎಷ್ಟು ಕುರ್ಚಿ ಬೇಕು, ಕುರ್ಚಿಗೆ ಎಷ್ಟು ಕಾಲು ಎಂಬುದನ್ನೆಲ್ಲ ಒಂದು ದಪ್ಪ ಪುಸ್ತಕದಲ್ಲಿ ಬರೆಸಿದರು.

ಅಧ್ಯಕ್ಷರು ಹುಕ್ಕೇರಿಯ ರಾವಸಾಹೇಬ ಗುರುಲಿಂಗಪ್ಪನವರು. ಮೂವತ್ತು ವರ್ಷ ಸಾಲೆಗಳ ತಪಾಸಣೆ ಮಾಡಿ, ಹೊರಗಟ್ಟೆಯ ಮೇಲೆ ಕುಳಿತು ಕಲಿಯುವ ಕೇರಿಯ ಮಕ್ಕಳತ್ತ ಒಂದು ಸಲವೂ ಕತ್ತು ಹೊರಳಿಸದೆ ನಿವೃತ್ತರಾದ ಸಜ್ಜನರು. ವಿದ್ಯಾಪೀಠ ಎಲ್ಲಿ ಕಟ್ಟಬೇಕೆಂಬ ಮಾತು ಬಂದಾಗ ಅವರು ಹುಕ್ಕೇರಿ ಅಂದರು. ಗೋಕಾಕದವರು ಗೋಕಾಕ ಅಂದರು. ಬೆಲ್ಲದ ವ್ಯಾಪಾರಿ ಪರಪ್ಪ, 'ಮೂಡಲಗಿ ಬಿಟ್ಟು ಬ್ಯಾರೆ ಕಡೆ ಹ್ವಾದ್ರ ನಾ ಸಮಿತಿ ಬಿಡತೇನಿ' ಎಂದು ರುಮಾಲು ತೆಗೆದು ಮೇಜಿನ ಮೇಲಿಟ್ಟ. ಆರು ತಿಂಗಳು ಕಚ್ಚಾಡಿ, ಕಡೆಗೆ ಮೂರೂ ಊರಿನವರಿಗೆ ಸಮಸಮವಾಗಿ ಸಿಟ್ಟು ಬರುವಂಥ ಜಾಗವೊಂದನ್ನು ಆರಿಸಿದರು: ಧುಪದಾಳದ ಹೊಳೆಯ ದಂಡೆ.

ಜಾಗ ನೋಡಲು ಹನ್ನೊಂದೂ ಜನ ಹೋಗಿದ್ದರು. ಹೊಳೆಗೆ ಕಟ್ಟಿದ ಒಡ್ಡಿನ ಬಾಜೂ ಇರುವ ಬಂಗಲೆಯ ಪಡಸಾಲೆಯಲ್ಲಿ ಕುಳಿತು, ಚಹಾ ಕುಡಿಯುತ್ತ, ಕಾರಕೂನ ಶಿದ್ರಾಮ ಬೆರಳು ಮಾಡಿ ತೋರಿಸಿದ ದಿಬ್ಬದ ಕಡೆ ನೋಡಿದರು. ಶಿದ್ರಾಮನ ಕೈಯಲ್ಲಿ ಅವನ ಅಪ್ಪ ಹುಟ್ಟುವ ಮೊದಲಿನ ನಕಾಶೆ. ಅದರಲ್ಲಿ ಆ ದಿಬ್ಬದ ಮೇಲೆ 'ಪಾಳು' ಎಂದು ಬರೆದಿತ್ತು. ದಿಬ್ಬದ ಮೇಲೆ ಆಗ ಒಲೆಯ ಹೊಗೆ ಏಳುತ್ತಿತ್ತು. ಆದರೆ ಹೊಗೆಗೆ ನಕಾಶೆಯಲ್ಲಿ ಗುರುತಿಲ್ಲವಲ್ಲ. ಚಹಾ ಮುಗಿಯಿತು, ಜಾಗ ಮಂಜೂರಾಯಿತು.

ಹೊಗೆ ಏಳುತ್ತಿದ್ದ ಆ ಒಲೆಗಳಲ್ಲಿ ಒಂದು ಉದ್ದವ್ವನದು.

ಉದ್ದವ್ವ ಗಂಡ ಸತ್ತವಳು, ನಲವತ್ತು ದಾಟಿದವಳು. ಹಳೆಯ ಕೇರಿಯನ್ನು ಹೊಳೆ ಎಳೆದುಕೊಂಡು ಹೋದ ವರ್ಷ ಅವಳ ಅತ್ತೆ ಮೊದಲ ಗುಡಿಸಲನ್ನು ಆ ದಿಬ್ಬದ ಮೇಲೆ ಹಾಕಿದ್ದಳಂತೆ. ಈಗ ಅಲ್ಲಿ ಮೂವತ್ತೇಳು ಮನೆ. ಉದ್ದವ್ವನ ಕಸುಬು ಹುಣಸೇಬೀಜ ಹುರಿದು, ಬೀಸಿ, ಕುದಿಸಿ ಅಂಟು ಮಾಡುವುದು. ಸಂತೆಗೊಮ್ಮೆ ಗಡಿಗೆ ಹೊತ್ತು ಗೋಕಾಕದ ಗೊಂಬೆ ಮಾಡುವ ಲಗಮಪ್ಪನ ಮನೆಗೆ ಹೋಗುತ್ತಿದ್ದಳು. ಕಟ್ಟೆಯ ಕೆಳಗೆ ನಿಂತು ಅವನ ಪಾತ್ರೆಗೆ ಮೇಲಿನಿಂದ ಸುರಿಯಬೇಕು. ಅವನು ಅದರ ಮೇಲೆ ನೀರು ಚಿಮುಕಿಸಿ ಒಳಗೆ ಒಯ್ಯುತ್ತಿದ್ದ. ಗಣಪತಿಯ ಸೊಂಡಿಲು ಗಣಪತಿಯ ಮುಖಕ್ಕೆ ಅಂಟಿ ನಿಲ್ಲುತ್ತಿದ್ದುದು ಉದ್ದವ್ವನ ಅಂಟಿನಿಂದ. ಆ ಗಣಪತಿ ಗುಡಿಯೊಳಗೆ ಹೋದ ಮೇಲೆ ಉದ್ದವ್ವನಿಗೆ ಗುಡಿಯ ನೆರಳೂ ಇಲ್ಲ. ಹನಿ ನೀರಿನಿಂದ ಅಂಟು ಶುದ್ಧವಾಗುತ್ತದೆ. ಅದನ್ನು ಬೀಸಿದ ಕೈ ಇಡೀ ಘಟಪ್ರಭೆಯಲ್ಲಿ ಅದ್ದಿದರೂ ಆಗುವುದಿಲ್ಲ.

ಜಾಗ ಮಂಜೂರಾದ ಮೇಲೆ ಒಂದು ಸಂತೆಯ ದಿನ ಲಗಮಪ್ಪನ ಪಡಸಾಲೆಯಲ್ಲಿ ಮಂಚದಷ್ಟು ದೊಡ್ಡ ಹಲಗೆ ಹಾಸಿತ್ತು. ಅದರ ಮೇಲೆ ಬೆರಳುದ್ದದ ಬಂಗಲೆ, ಗೋಪುರ, ಹಸಿರು ಬಣ್ಣದ ತೋಟ.

"ಏನ್ರಿ ಲಗಮಪ್ಪ ಕಾಕಾ, ಈ ಸಲ ದೇವರ ಬಿಟ್ಟು ಊರ ಮಾಡಾಕ ಹತ್ತೀರೇನು?" ಎಂದಳು ಉದ್ದವ್ವ ಕೆಳಗಿನಿಂದ.

"ಊರಲ್ಲವಾ, ವಿದ್ಯಾಪೀಠ. ರಾವಸಾಹೇಬರು ಮಾಡಾಕ ಹಚ್ಯಾರ. ಇಪ್ಪತ್ತೈದು ವರ್ಷದ ಮ್ಯಾಲೆ ಹಿಂಗ ಕಾಣತೈತಂತ."

"ಇಪ್ಪತ್ತೈದು ವರ್ಷದ ಮ್ಯಾಲೆ ನೀವೂ ಇರಂಗಿಲ್ಲ, ರಾವಸಾಹೇಬರೂ ಇರಂಗಿಲ್ಲ. ಹಂಗ ಕಾಣಲಿಲ್ಲಂದ್ರ ಯಾರನ್ನ ಕೇಳೂದು?"

"ಅದಕ್ಕ ಅದನ್ನ ಯೋಜನಾ ಅಂತಾರ, ಹುಚ್ಚಿ."

ಉದ್ದವ್ವ ನಗುತ್ತಲೇ ಕತ್ತು ಉದ್ದ ಮಾಡಿ ನೋಡಿದಳು. ನೀಲಿ ಬಣ್ಣದ ಹೊಳೆ. ಹೊಳೆಗೆ ಅಡ್ಡ ಬಿಳಿಯ ಒಡ್ಡು. ಒಡ್ಡಿನಿಂದ ಸ್ವಲ್ಪ ಮೇಲೆ ಹೊಳೆ ಕುಡುಗೋಲಿನಂತೆ ಬಾಗಿದೆ. ಬಾಗಿದಲ್ಲಿ ಮೂರು ಬಂಡೆ. ಆ ಬಂಡೆಗಳ ಮೇಲೆ ಅವಳು ನಿನ್ನೆಯಷ್ಟೇ ಸೀರೆ ಒಗೆದಿದ್ದಳು. ನಗು ನಿಂತಿತು.

"ಇದು ಧುಪದಾಳ ಅಲ್ಲೇನ್ರಿ? ಈ ಬಂಡೆಗಲ್ಲಿನ ಮ್ಯಾಲ ನಮ್ಮ ಕೇರಿ ಇರಬೇಕಲ್ಲ, ಎಲ್ಲಿ ಐತಿ?"

ಲಗಮಪ್ಪ ನಕಾಶೆ ಬಿಡಿಸಿ ಕಣ್ಣಿಗೆ ಹತ್ತಿರ ಹಿಡಿದ. "ಕೇರಿ ಅಂತ ಇಲ್ಲವಾ ಇದರಾಗ. ಪಾಳು ಅಂತ ಐತಿ. ಅಲ್ಲಿ ಟೆನಿಸ್ ಆಡೂ ಅಂಗಳಾ ಮಾಡಂದಾರ."

"ನನ್ನ ಒಲಿ ಮ್ಯಾಲೆ ಆಡತಾರ?"

"ನನಗೇನ ಗೊತ್ತು? ಬರೂ ಸೋಮವಾರ ಇದು ಬೆಳಗಾವಿಗೆ ಹೋಗತೈತಿ. ಅಲ್ಲಿ ಕಲೆಕ್ಟರ ಸಾಹೇಬ ನೋಡಿ ಸಹಿ ಮಾಡಿದ್ರ ಪಾಳೆಲ್ಲಾ ವಿದ್ಯಾಪೀಠದ್ದು. ಆಮ್ಯಾಲ ಗಡಿಗಲ್ಲು ನೆಡತಾರ."

ಉದ್ದವ್ವನ ಗಡಿಗೆ ಬರಿದಾಗಿತ್ತು, ಆದರೂ ತಲೆಯ ಮೇಲೆ ಭಾರ ಇಳಿಯಲಿಲ್ಲ. ಅತ್ತು ಕರೆದರೆ ಈ ಮನುಷ್ಯ ಕರಗುವವನಲ್ಲ ಎಂಬುದು ಅವಳಿಗೆ ಗೊತ್ತಿತ್ತು. ಅವನ ಮನೆತನದ ಜಂಬವೂ ಗೊತ್ತಿತ್ತು. ಕಣ್ಣಿಂದ ನೋಡದೆ ಇರುವುದನ್ನು ಅವರ ಮನೆಯಲ್ಲಿ ಯಾರೂ ಕೆತ್ತಿದವರಲ್ಲ. ಮಾವಿನಹಣ್ಣು ಮಾಡುವಾಗ ಬಾಜೂಕ್ಕೆ ಖರೆ ಮಾವಿನಹಣ್ಣು ಇಟ್ಟುಕೊಂಡೇ ಮಾಡಬೇಕು. 'ಹಂಗಾದ್ರ ದೇವರನ್ನ ನೋಡೀಯೇನು?' ಎಂದು ಯಾರಾದರೂ ಕೆಣಕಿದರೆ, 'ನಮ್ಮ ಅಜ್ಜ ನೋಡಿದ್ದ' ಎನ್ನುತ್ತಿದ್ದ.

"ಹೋಗ್ಲಿ ಬಿಡ್ರಿ ಕಾಕಾ," ಎಂದಳು. "ನಿಮ್ಮ ಅಪ್ಪ ಇದ್ದಿದ್ರ ಒಮ್ಮೆ ಬಂದು ನೋಡಿ ಕೆತ್ತತಿದ್ದ. ಈಗಿನ ಕಾಲದಾಗ ಕಾಗದ ನೋಡಿ ಕೆತ್ತೂದ ಬಂದೈತಿ. ನಿಮ್ಮದೇನ ತಪ್ಪು?"

ಲಗಮಪ್ಪನ ಕಿವಿ ಕೆಂಪಾದವು. "ಏ, ಯಾರಿಗೆ ಹೇಳತೀ?" ಎಂದು ಚೀರಿದ.

ಮರುದಿನವೇ ಬಾಡಿಗೆಗೆ ಎತ್ತಿನ ಚಕ್ಕಡಿ ಮಾಡಿಕೊಂಡು ಧುಪದಾಳಕ್ಕೆ ಬಂದ. ಕೇರಿಯ ಒಳಗೆ ಕಾಲಿಡಲಿಲ್ಲ. ಚಕ್ಕಡಿಯ ಮೇಲೆ ನಿಂತೇ ದಾರ ಹಿಡಿದು ಅಳತೆ ಮಾಡಿದ. ಯಾವ ಮನೆಯ ಗೋಡೆ ಸೊಟ್ಟ, ಯಾರ ಮಾಳಿಗೆಯ ಮೇಲೆ ಕುಂಬಳಬಳ್ಳಿ, ಬಾವಿಯ ಹಗ್ಗ ಎಳೆಯುವ ಗಡಗಡಿ ಎಲ್ಲಿ ಎಂದೆಲ್ಲ ಕೇಳಿ ಬರೆದುಕೊಂಡ. ಬಿಸಿಲಿಗೆ ಗಂಟಲು ಒಣಗಿ ಕೆಮ್ಮಿದ. ಉದ್ದವ್ವ ನೀರಿನ ತಂಬಿಗೆ ತಂದಳು. ಬೇಡವೆಂದು ಕೈ ಮಾಡಿ, ಕೆಮ್ಮುತ್ತಲೇ ಚಕ್ಕಡಿ ತಿರುಗಿಸಿದ. ಕಣ್ಣಿಗೆ ಮೈಲಿಗೆಯಿಲ್ಲ, ಗಂಟಲಿಗಿದೆ. ಆದರೆ ಶನಿವಾರದೊಳಗೆ ಹಲಗೆಯ ಮೇಲೆ ಮೂವತ್ತೇಳು ಮನೆ ಎದ್ದವು; ಸೊಟ್ಟ ಗೋಡೆ ಸೊಟ್ಟಗೆ, ಕುಂಬಳಬಳ್ಳಿ ಹಸಿರಾಗಿ, ಬಾವಿಗೆ ಕಡಲೆಕಾಳಿನಷ್ಟು ಗಡಗಡಿ.

ರವಿವಾರ ಮಧ್ಯಾಹ್ನ ಸಮಿತಿಯ ಜನ ಲಗಮಪ್ಪನ ಮನೆಯಲ್ಲಿ ಕೂಡಿದರು. ಉದ್ದವ್ವ ಕೇರಿಯ ಹಿರಿಯ ದುರ್ಗಪ್ಪನನ್ನು ಕರೆದುಕೊಂಡು ಅಂಗಳದಲ್ಲಿ ನಿಂತಿದ್ದಳು. ಅವಳ ಉಡಿಯಲ್ಲಿ ಮೂವತ್ತೇಳು ಮನೆಯ ಮೂವತ್ತೇಳು ರೇಷನ್ ಕಾರ್ಡು. ಸರಕಾರವೇ ಕೊಟ್ಟದ್ದು, ಸರಕಾರದ್ದೇ ಶಿಕ್ಕೆ, ಒಂದೊಂದರ ಮೇಲೂ ಮನೆಯ ನಂಬರು. ಇದಕ್ಕಿಂತ ದೊಡ್ಡ ಸಾಕ್ಷಿ ಯಾವುದು ಬೇಕು ಎಂದು ದಾರಿಯುದ್ದಕ್ಕೂ ದುರ್ಗಪ್ಪನಿಗೆ ಹೇಳಿಕೊಂಡು ಬಂದಿದ್ದಳು.

ರಾವಸಾಹೇಬರು ಹಲಗೆಯ ಮೇಲೆ ಬಾಗಿ, ಚಸ್ಮಾ ಏರಿಸಿ, "ಲಗಮಪ್ಪಾ, ಇವೇನೋ ಇವು? ಕೋಳಿ ಗೂಡು?" ಎಂದರು.

"ಮನೀರಿ. ಅಲ್ಲಿ ಇದ್ದದ್ದನ್ನ ಮಾಡೇನ್ರಿ."

"ಅಲ್ಲಿ ಇದ್ದದ್ದನ್ನ ಮಾಡಾಕ ನಿನಗ ಯಾರು ಹೇಳಿದ್ರು? ನಾವು ಮುಂದ ಬರೂದನ್ನ ಮಾಡಂದೇವಿ."

"ಮುಂದ ಬರೂದನ್ನ ನಾ ನೋಡಿಲ್ರಿ," ಎಂದ ಲಗಮಪ್ಪ, ಬಹಳ ಮರ್ಯಾದೆಯಿಂದ.

ಪರಪ್ಪ ಕಿಸಕ್ಕನೆ ನಕ್ಕ. ಹುಕ್ಕೇರಿಯವರಿಗೆ ಅವಮಾನವಾದಾಗಲೆಲ್ಲ ಮೂಡಲಗಿಯವನಿಗೆ ಹಸಿವೆ ಹೆಚ್ಚುತ್ತಿತ್ತು; ತಟ್ಟೆಯಿಂದ ಇನ್ನೊಂದು ಕರದಂಟು ತೆಗೆದುಕೊಂಡ.

ಆಗ ಉದ್ದವ್ವ ಅಂಗಳದಿಂದಲೇ, "ಯಪ್ಪಾರ, ಅವು ನಮ್ಮ ಮನೀರಿ. ಅದು ಪಾಳಲ್ರಿ. ಇಲ್ಲಿ ನೋಡ್ರಿ," ಎಂದು ಉಡಿ ಬಿಚ್ಚಿ ಕಾರ್ಡುಗಳನ್ನು ಕಟ್ಟೆಯ ಅಂಚಿನಲ್ಲಿ ಸಾಲಾಗಿ ಹರವಿದಳು.

ಶಿದ್ರಾಮ ಒಂದನ್ನೂ ಮುಟ್ಟದೆ ದೂರದಿಂದ ಓದಿ, "ರೇಷನ್ ಕಾರ್ಡ್ರಿ ಸಾಹೇಬ್ರ," ಎಂದ.

"ರೇಷನ್ನು ಕಾಳು ಹಂಚೂ ಪುರವಠಾ ಖಾತೆ," ಎಂದರು ರಾವಸಾಹೇಬರು. "ನಮ್ಮದು ಶಿಕ್ಷಣ ಖಾತೆ. ಜಾಗ ಕಂದಾಯದ ಮುಲ್ಕಿ ಖಾತೆ. ಒಂದು ಖಾತೆದ್ದು ಇನ್ನೊಂದಕ್ಕ ನಡೆಯಂಗಿಲ್ಲವಾ."

"ಜ್ವಾಳಾ ಕೊಡೂ ಮುಂದ ನಾವು ಮನ್ಯಾಗ ಇರತೇವಿ, ಸಾಲಿ ಕಟ್ಟೂ ಮುಂದ ಇರಂಗಿಲ್ಲೇನ್ರಿ? ತಿನ್ನೂ ಬಾಯಿ ಇರೂದೂ ಅಲ್ಲೇ, ಕುಂಡ್ರೂ ಕುಂಡಿ ಇರೂದೂ ಅಲ್ಲೇ."

ಯಾರೋ ಕೆಮ್ಮಿದರು. ದುರ್ಗಪ್ಪ ಉದ್ದವ್ವನ ಸೆರಗು ಜಗ್ಗಿದ. ರಾವಸಾಹೇಬರು ಸಿಟ್ಟಾಗಲಿಲ್ಲ. ದೊಡ್ಡ ಮನುಷ್ಯರು ಬಡವರ ಮೇಲೆ ಸಿಟ್ಟಾಗುವುದಿಲ್ಲ, ಉಪಕಾರ ಮಾಡುತ್ತಾರೆ. ಅವರು ಕಣ್ಣುಮುಚ್ಚಿ ಚಿಂತಿಸಿ, ಬೆರಳು ಎತ್ತಿದರು.

"ಶಿದ್ರಾಮ, ಬರಕೋ. ಯೋಜನಾದಾಗ ಸೇವಕರ ವಸತಿ ಅಂತ ಒಂದು ಬಾಬು ಐತಲ್ಲ, ಅದಕ್ಕ ಇನ್ನೂ ಜಾಗಾ ತೋರಿಸಿಲ್ಲ. ಈ ಮೂವತ್ತೇಳು ಮನೀನ ಸೇವಕರ ವಸತಿ ಅಂತ ಹಾಕು. ಟೆನಿಸ್ ಅಂಗಳಾ ಈ ಕಡೆ ಸರಸು." ಮತ್ತೆ ಅಂಗಳದ ಕಡೆ ತಿರುಗಿ, "ಆತೇನವಾ? ನಿಮ್ಮ ಮನಿ ನಿಮಗ ಉಳದ್ವು. ಕಸಾ ಹೊಡೆಯೂದು, ನೀರು ಸೇದೂದು, ಕಕ್ಕಸ ತೊಳೆಯೂದು, ಎಲ್ಲಾ ನಿಮ್ಮವರಿಗೇನ. ಪಗಾರನೂ ಸಿಗತೈತಿ. ದುಡಿಮ್ಯಾಗ ಮೇಲು ಕೀಳು ಇಲ್ಲ ಅಂತ ಶರಣರು ಹೇಳ್ಯಾರ," ಎಂದರು.

ಸಭೆಯಲ್ಲಿ ಒಂದು ತೃಪ್ತಿಯ ಉಸಿರು ಹರಿಯಿತು. ಮೇಲು ಕೀಳು ಇಲ್ಲವೆಂದು ಹೇಳುತ್ತಿದ್ದವರು ಕಟ್ಟೆಯ ಮೇಲಿದ್ದರು. ಕೇಳುತ್ತಿದ್ದವರು ಕೆಳಗೆ ಬಿಸಿಲಲ್ಲಿದ್ದರು.

ದುರ್ಗಪ್ಪ ಕೈ ಮುಗಿದುಬಿಟ್ಟ. "ಆತ್ರಿ ಯಪ್ಪಾ, ನಿಮ್ಮ ಹೊಟ್ಟಿ ತಣ್ಣಗಿರಲಿ." ಉದ್ದವ್ವನ ಕಿವಿಯಲ್ಲಿ, "ಹೂಂ ಅನ್ನು. ಮನಿ ಉಳಿತಾವು. ಹೆಂಗಿದ್ರೂ ಅದನ್ನ ಮಾಡತೇವಲ್ಲ," ಎಂದ.

ಉದ್ದವ್ವ ಹೂಂ ಅನ್ನಲಿಲ್ಲ. ಒಂದು 'ಹೂಂ'ಗೆ ಮೂವತ್ತೇಳು ಮಾಳಿಗೆ ನಿಲ್ಲುತ್ತವೆ, ಇಲ್ಲವೆಂದರೆ ಬೀಳುತ್ತವೆ. ಅದು ಅವಳಿಗೂ ಗೊತ್ತಿತ್ತು. ಆದರೆ ಈ ಜನ ಬರೆದದ್ದು ಬಾಯಲ್ಲಿ ಹೇಳಿದ್ದಕ್ಕಿಂತ ಯಾವಾಗಲೂ ಬೇರೆಯಾಗಿರುತ್ತದೆ ಎಂಬುದೂ ಗೊತ್ತಿತ್ತು.

"ಬರದದ್ದ ಓದ್ರಿ," ಎಂದಳು.

ಶಿದ್ರಾಮ ರಾವಸಾಹೇಬರ ಮುಖ ನೋಡಿದ. ಅವರು ತಲೆಯಾಡಿಸಿದರು. ಶಿದ್ರಾಮ ಗಂಟಲು ಸರಿಮಾಡಿಕೊಂಡು ಓದಿದ: "ಸೇವಕರ ವಸತಿ. ಸಾವಿರದ ಒಂಬೈನೂರಾ ನಲವತ್ತಾರರಲ್ಲಿ, ಮನೆ ಮೂವತ್ತೇಳು, ಸೇವಕರು ಮೂವತ್ತೇಳು. ಎಪ್ಪತ್ತೊಂದರಲ್ಲಿ, ಮನೆ ಮೂವತ್ತೇಳು, ಸೇವಕರು ಎಪ್ಪತ್ನಾಲ್ಕು."

"ಎಪ್ಪತ್ನಾಲ್ಕ ಹೆಂಗಾತ್ರಿ?"

"ಜನಸಂಖ್ಯಾ ಬೆಳೀತೈತಲ್ಲವಾ," ಎಂದರು ರಾವಸಾಹೇಬರು, ಹುಡುಗರಿಗೆ ಗಣಿತ ಹೇಳುವ ದನಿಯಲ್ಲಿ. "ಇಪ್ಪತ್ತೈದು ವರ್ಷಕ್ಕ ಎರಡು ಪಟ್ಟು ಹಿಡದೇವಿ. ಎಲ್ಲಾ ಬಾಬಿಗೂ ಹಂಗ. ವಿದ್ಯಾರ್ಥಿ ಎರಡು ಪಟ್ಟು, ಕುರ್ಚಿ ಎರಡು ಪಟ್ಟು, ಸೇವಕರು ಎರಡು ಪಟ್ಟು."

"ಆ ಹೆಚ್ಚಿನ ಮೂವತ್ತೇಳು ಮಂದಿ ಯಾರ್ರಿ?"

"ಯಾರಂದ್ರ? ನಿಮ್ಮ ಮಕ್ಕಳು, ಮೊಮ್ಮಕ್ಕಳು."

ದುರ್ಗಪ್ಪನ ಮುಗಿದ ಕೈ ಮೆಲ್ಲಗೆ ಬಿಟ್ಟುಹೋಯಿತು. ಅವನ ಮಗ ಯಲ್ಲಾರಿಯ ಹೆಂಡತಿ ಇಂದ್ರವ್ವನಿಗೆ ಆಗ ಎಂಟು ತಿಂಗಳು.

"ವಿದ್ಯಾರ್ಥಿಗಳ ಬಾಬಿನ್ಯಾಗ ನಮ್ಮ ಕೇರಿದು ಎಷ್ಟ ಹಿಡದೀರಿ?" ಎಂದು ಉದ್ದವ್ವ ಕೇಳಿದಳು.

ಶಿದ್ರಾಮ ಪುಟ ತಿರುವಿದ. ಹಿಂದೆ ಹೋದ, ಮುಂದೆ ಬಂದ. "ಈಗ ಸೊನ್ನಿ ಐತ್ರಿ," ಎಂದ. "ಸೊನ್ನಿ ಎರಡು ಪಟ್ಟು ಅಂದ್ರ..."

"ಸೊನ್ನಿ," ಎಂದ ಪರಪ್ಪ, ಕರದಂಟು ಅಗಿಯುತ್ತ. ಲೆಕ್ಕದಲ್ಲಿ ಅವನು ಮೊದಲಿನಿಂದಲೂ ಚುರುಕು.

ದುರ್ಗಪ್ಪ ಒಮ್ಮೆಯೂ ದೊಡ್ಡವರ ಎದುರು ದನಿ ಎತ್ತಿದವನಲ್ಲ. ಈಗ ಎತ್ತಿದ. "ನನ್ನ ಸೊಸಿ ಇನ್ನಾ ಹಡದಿಲ್ರಿ! ಕೂಸು ಗಂಡೋ ಹೆಣ್ಣೋ ಗೊತ್ತಿಲ್ಲ, ಹೆಸರಿಟ್ಟಿಲ್ಲ. ಹೊಟ್ಯಾಗ ಇದ್ದಾಂಗ ಅದರ ಕೈಯಾಗ ಕಸಬರಗಿ ಕೊಟ್ಟೀರಲ್ರೋ!"

"ಏ, ಹೊರಗ ಹಾಕ್ರಿ ಅವನ್ನ," ಎಂದ ಯಾರೋ.

"ಹೊರಗ ಅದೇವ್ರಿ, ಇನ್ನೆಲ್ಲಿ ಹಾಕತೀರಿ?" ಎಂದಳು ಉದ್ದವ್ವ. ಬಾಗಿ ಕಾರ್ಡುಗಳನ್ನು ಒಂದೊಂದಾಗಿ ಉಡಿಗೆ ಹಾಕಿಕೊಂಡಳು. "ರಾವಸಾಹೇಬ್ರ, ನಮ್ಮ ಮನಿಗೆ ಆ ಹೆಸರ ಬ್ಯಾಡ. ತಗೀರಿ ಅದನ್ನ."

"ತಗದ್ರ ಪಾಳು ಅಂತನ ಬೆಳಗಾವಿಗೆ ಹೋಗತೈತಿ. ತಿಳೀತೇನು?"

"ತಿಳೀತ್ರಿ. ಪಾಳು ಅಂದ್ರ ಇವತ್ತ ನಾವು ಸತ್ತಾಂಗ. ಇದಕ್ಕ ಹೂಂ ಅಂದ್ರ ಇನ್ನಾ ಹುಟ್ಟಲಾರದವರನ್ನೂ ನಾವ ಕೊಂದಾಂಗ."

ರಾವಸಾಹೇಬರ ಉಪಕಾರಬುದ್ಧಿ ಅಲ್ಲಿಗೆ ಮುಗಿಯಿತು. "ಕೀಳೋ ಆ ಮನಿ," ಎಂದು ಲಗಮಪ್ಪನ ಮೇಲೆ ಹರಿಹಾಯ್ದರು.

"ಕೀಳಾಕ ಬರಂಗಿಲ್ರಿ," ಎಂದ ಲಗಮಪ್ಪ. ಅದು ಧೈರ್ಯದ ಮಾತಲ್ಲ, ಕಸುಬಿನ ಮಾತು. "ಹಲಗಿ ಅಂಟು ಕುಡದು ಒಣಗೇತಿ. ಕಿತ್ರ ಹಲಗಿ ಸೀಳತೈತಿ, ಹೊಳಿ ಎರಡ ಹೋಳಾಗತೈತಿ. ಹೊಸಾದ ಮಾಡಾಕ ಎರಡ ತಿಂಗಳ ಬೇಕ್ರಿ."

ಸೋಮವಾರ ಹಲಗೆ ಹಾಗೆಯೇ ಬೆಳಗಾವಿಗೆ ಹೋಯಿತು. ಸಾಹೇಬ ನೋಡಲು ಬಂದಾಗ ಕೇರಿಯ ಮೇಲೆ ಒಂದು ದೊಡ್ಡ ಹೂದಾನಿ ಇಟ್ಟಿದ್ದರಂತೆ. ಸಾಹೇಬ ಹೂವು ಮೂಸಿ, 'ಬಹಳ ಚೆಂದ' ಎಂದು ಸಹಿ ಮಾಡಿದನಂತೆ.

ಇತ್ತ ರವಿವಾರ ಸಂಜೆ ಉದ್ದವ್ವ, ದುರ್ಗಪ್ಪ ಇಬ್ಬರೂ ಗೋಕಾಕದಿಂದ ಮೂರು ಹರದಾರಿ ನಡೆದು ಬಂದರು. ಕೇರಿಯ ದೀಪ ಕಂಡಾಗ ದುರ್ಗಪ್ಪ, "ಸಿಟ್ಟಿನ್ಯಾಗ ಅಂದು ಬಂದ್ವಿ. ಈಗೇನ ಮಾಡೂದವಾ?" ಎಂದ.

"ನಿನ್ನ ಮನ್ಯಾಗ ಎಷ್ಟ ಮಂದಿ ಮಲಗತೀರಿ?"

"ಒಂಬತ್ತ. ಯಾಕ?"

"ಇನ್ನೊಂದ ಬರಾಕ ಹತ್ತೇತಿ. ಯಲ್ಲಾರಿಗೆ ಬ್ಯಾರೆ ಮನಿ ಕಟ್ಟು. ನಾಳಿಂದ ಮಣ್ಣ ಕಲಸೂನು. ಪಾಳು ಅಂದವರಿಗೆ ಎಲ್ಲಿ ನೋಡಿದ್ರೂ ಮನೀನ ಕಾಣಬೇಕು."

ಕಟ್ಟಲು ಕೈಗಳಿಗೆ ಕೊರತೆಯಿರಲಿಲ್ಲ, ಮಣ್ಣಿಗೂ ಇರಲಿಲ್ಲ. ಗೋಡೆ ಎದೆಮಟ್ಟ ಬಂದಾಗ ಕಲ್ಲು ಸಾಲದಾಯಿತು. ಮಾಳಿಗೆಯ ತೊಲೆ ಹೊರಲು ಮೂಲೆಗೂ ಬಾಗಿಲಿಗೂ ಗಟ್ಟಿ ಕಲ್ಲು ಬೇಕು. ಆ ವಾರವೇ ಹುಕ್ಕೇರಿಯ ಕಡೆಯಿಂದ ಎರಡು ಚಕ್ಕಡಿ ಬಂದು, ಆಳೆತ್ತರದ ಹನ್ನೆರಡು ಕೆತ್ತಿದ ಕಲ್ಲುಗಳನ್ನು ಕೇರಿಯ ಮುಂದೆ ಇಳಿಸಿದವು. ವಿದ್ಯಾಪೀಠದ ಗಡಿಗಲ್ಲುಗಳು. 'ನೆಡೂ ಮಂದಿ ಹಿಂದ ಬರತಾರ' ಎಂದು ಹೇಳಿ ಚಕ್ಕಡಿಯವರು ಹೋದರು. ನೆಡುವ ಮಂದಿ ಬರಲಿಲ್ಲ. ವಿದ್ಯಾಪೀಠದ ಹೆಸರಿನಲ್ಲಿ ಹುಕ್ಕೇರಿ ಮೊದಲೋ ಗೋಕಾಕ ಮೊದಲೋ ಎಂಬ ಜಗಳದಲ್ಲಿ ಸಮಿತಿ ಒಂದೂವರೆ ತಿಂಗಳು ಮುಳುಗಿಹೋಯಿತು. ಪರಪ್ಪ ಮತ್ತೆ ರುಮಾಲು ತೆಗೆದನಂತೆ.

ಕಡೆಗೊಂದು ದಿನ ಯಾರಿಗೋ ಕಲ್ಲುಗಳ ನೆನಪಾಗಿ ಶಿದ್ರಾಮನನ್ನು ಕಳಿಸಿದರು. ಮಟಮಟ ಮಧ್ಯಾಹ್ನ ಅವನು ಸೈಕಲ್ಲು ತಳ್ಳಿಕೊಂಡು ಬಂದಾಗ, ಕಲ್ಲು ಇಳಿಸಿದ್ದ ಜಾಗ ಖಾಲಿಯಾಗಿ, ದಿಬ್ಬದ ಮೇಲೆ ಹೊಸ ಮನೆಯೊಂದು ನಿಂತಿತ್ತು. ಹೊರಗೆಲ್ಲ ಮಣ್ಣು ಮೆತ್ತಿ ಸಾರಿಸಿದ್ದರು. ಒಳಗೆ ಕೂಸು ಅಳುತ್ತಿತ್ತು.

"ಹನ್ನೆರಡು ಕಲ್ಲು ಎಲ್ಲಿ?" ಎಂದ ಶಿದ್ರಾಮ.

"ಒಳಗ ಅದಾವ್ರಿ," ಎಂದಳು ಉದ್ದವ್ವ ಬಾಗಿಲಲ್ಲಿ ನಿಂತು. "ಬರ್ರಿ, ಎಣಸ್ರಿ."

ಶಿದ್ರಾಮ ಒಂದು ಹೆಜ್ಜೆ ಇಟ್ಟ, ನಿಂತ. ಒಳಗೆ ಕತ್ತಲು, ಒಲೆ, ಅಗ್ಗಿಷ್ಟಿಕೆಯ ಮುಂದೆ ಬಾಣಂತಿ. ಕೇರಿಯ ಮನೆ. ಅದರಲ್ಲೂ ಹಡೆದ ಮನೆ.

"ನೀನ ಹೇಳು, ಎಷ್ಟ ಅದಾವು?"

"ನಾ ಹೇಳಿದ್ದು ನಿಮ್ಮ ಖಾತೇದಾಗ ನಡೀತೈತೇನ್ರಿ? ಒಳಗ ಬರ್ರಿ. ಹೊರಸು ಹಾಕತೇನಿ. ಇಂದ್ರವ್ವ, ಸಾಹೇಬ್ರಿಗೆ ಚಹಾ ಇಡು."

"ಬ್ಯಾಡ, ಬ್ಯಾಡ!" ಶಿದ್ರಾಮ ಎರಡು ಹೆಜ್ಜೆ ಹಿಂದೆ ಸರಿದ. ಬಿಸಿಲಿಗೆ ಹಣೆ ಒರೆಸಿಕೊಂಡು, "ಹನ್ನೆರಡೂ ಅದಾವೋ ಇಲ್ಲೋ, ಅಷ್ಟ ಹೇಳು," ಎಂದ.

"ಹನ್ನೆರಡೂ ಅದಾವು."

"ನೆಟ್ಟಗ ನಿಂತಾವ?"

"ನೆಟ್ಟಗ ನಿಂತಾವ್ರಿ. ಇನ್ನ ಐವತ್ತ ವರ್ಷ ಅಳ್ಳಾಡಂಗಿಲ್ಲ."

ಶಿದ್ರಾಮ ಸೈಕಲ್ಲಿನ ಸೀಟಿನ ಮೇಲೆ ಕಾಗದ ಇಟ್ಟುಕೊಂಡು ಬರೆದ: 'ಖುದ್ದು ಪರಿಶೀಲಿಸಲಾಗಿದೆ. ಗಡಿಗಲ್ಲು ಹನ್ನೆರಡು. ಎಲ್ಲವೂ ಭದ್ರವಾಗಿ ನೆಡಲ್ಪಟ್ಟಿವೆ.' ಆ ವರದಿಯ ಕೆಳಗೆ ಹನ್ನೊಂದು ಜನ ಸಹಿ ಹಾಕಿದರು. ಭದ್ರವಾಗಿದ್ದ ಜಾಗವನ್ನು ನೋಡಲು ಆಮೇಲೆ ಅವರಲ್ಲಿ ಒಬ್ಬನೂ ಬರಲಿಲ್ಲ. ಅಷ್ಟರಲ್ಲಿ ಉದ್ದವ್ವ ಮೂವತ್ತೊಂಬತ್ತನೆಯ ಮನೆಗೆ ಮಣ್ಣು ತುಳಿಯುತ್ತಿದ್ದಳು.